ಪಿಎಚ್‌ಡಿ ಅರ್ಜಿ ಮತ್ತು ದೇವರ ಫೋಟೊ ಹಿಂದಿನ ಗುಳಿಗೆಗಳು

ನಮಸ್ಕಾರ. ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಕೋಣೆ ಇದೊಂದೇ, ಅದೂ ಅಡುಗೆಮನೆ ಪಕ್ಕದಲ್ಲೇ ಇದೆ.

ಮೂರು ತಿಂಗಳಿಂದ ಕೇಳುತ್ತಾ ಇದ್ದೀರಿ, "ಅಕ್ಕಾ, ಪಿಎಚ್‌ಡಿ ಅರ್ಜಿ ಏನಾಯ್ತು?" ಅಂತ. ಹೇಳುತ್ತೇನೆ. ಮೊದಲು ನನ್ನ ಕೈಯಲ್ಲಿರುವುದನ್ನು ನೋಡಿ.

ಇದು ಕಬ್ಬಿಣಾಂಶದ ಗುಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180. ಹೆರಿಗೆಯಾದ ಮೇಲೆ ಮತ್ತೆ 180. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನರ್ಸಿಂಗ್ ಓದುವಾಗ ಬಾಯಿಪಾಠ ಮಾಡಿದ್ದು, ಈಗಲೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ನರ್ಸಿಂಗ್ ಮುಗಿಸಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಮಾಡಿದೆ. ಆಮೇಲೆ ಗದಗ ಜಿಲ್ಲೆಯಲ್ಲಿ ಒಂದು ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಏಳು ತಿಂಗಳ ಬಸುರಿಯೊಬ್ಬಳ ಮನೆಗೆ ಹೋಗಿದ್ದೆ. ತಾಯಿ ಕಾರ್ಡಿನಲ್ಲಿ ಎಲ್ಲಾ ಗೆರೆ ಸರಿಯಾಗಿತ್ತು, ಗುಳಿಗೆ ಕೊಟ್ಟಿದ್ದಾರೆ ಅಂತ ಟಿಕ್ ಕೂಡ ಇತ್ತು. ಹಿಮೋಗ್ಲೋಬಿನ್ ಮಾತ್ರ 8ರ ಆಸುಪಾಸು, ಬಸುರಿಗೆ ಅದು ಸಾಲದು. ಗುಳಿಗೆ ತೋರಿಸಿ ಅಂದೆ. ಅತ್ತೆ ಎದ್ದು ಹೋಗಿ ಯಲ್ಲಮ್ಮನ ಫೋಟೊ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಸ್ಟ್ರಿಪ್‌ಗಳನ್ನು ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಮೇಲೆ ಅರಿಶಿನದ ಬೆರಳಿನ ಗುರುತು.

"ಒಂದೂ ಕಳದಿಲ್ರೀ ಅಕ್ಕಾರ, ಎಲ್ಲಾ ಜ್ವಾಕಿ ಇಟ್ಟೀವ್ರಿ" ಅಂದರು.

ನಿಜ, ಒಂದೂ ಕಳೆದಿರಲಿಲ್ಲ. ಒಂದನ್ನೂ ನುಂಗಿಯೂ ಇರಲಿಲ್ಲ.

ಯಾಕೆ ಅಂತ ಕೇಳಿದೆ. ಸೊಸೆ ನೆಲ ನೋಡಿದಳು. ಅತ್ತೆಯೇ ಹೇಳಿದರು: "ಕೂಸು ದೊಡ್ಡದಾಗತೈತಂತ್ರಿ. ಹೆರಿಗಿಗೆ ತ್ರಾಸ ಆಗತೈತಿ." ಆವತ್ತು ರಾತ್ರಿ ಬಸ್ಸಿನಲ್ಲಿ ಬರುವಾಗಲೇ ನಿರ್ಧಾರ ಮಾಡಿದೆ, ಇದರ ಮೇಲೆ ಪಿಎಚ್‌ಡಿ ಮಾಡುತ್ತೇನೆ ಅಂತ. ಬಸ್ಸಿನಲ್ಲಿ ಮಾಡುವ ನಿರ್ಧಾರಗಳೆಲ್ಲ ಸುಲಭವಾಗೇ ಕಾಣುತ್ತವೆ ಬಿಡಿ.

ಎಲ್ಲಿ ಮಾಡೋದು? ಈಗ ಪರದೆ ಮೇಲಿರುವುದು ನನ್ನ ಡೈರಿಯ ಪುಟ. ಬೆಳಗಾವಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ನಿಮ್ಹಾನ್ಸ್, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ. ಇನ್ನೂ ಎರಡು ಹೆಸರಿದ್ದವು, ಶುಲ್ಕ ನೋಡಿ ಹೊಡೆದು ಹಾಕಿದೆ. ನಾನು ಕೊನೆಗೆ ಎಲ್ಲಿಗೆ ಹಾಕಿದೆ ಅಂತ ಮಾತ್ರ ಹೇಳುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇದ್ದರೆ 5 ಪರ್ಸೆಂಟ್ ರಿಯಾಯಿತಿ. ಓದು ಮುಗಿಸಲು ಕನಿಷ್ಠ 3 ವರ್ಷ, ಗರಿಷ್ಠ 6. ಹೆಂಗಸರಿಗೆ ಮೇಲೆ 2 ವರ್ಷ ಜಾಸ್ತಿ ಸಿಗುತ್ತದೆ. 2024ರಿಂದ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ತೆಗೆದುಕೊಳ್ಳುತ್ತಾರೆ. ಎಂಪಿಎಚ್ ಮಾಡಿದವರು ಗಮನಿಸಿ, ನೆಟ್‌ನಲ್ಲಿ ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್ ಅಂತ ಒಂದು ವಿಷಯ ಇದೆ. ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ, ಸಮಾಜಕಾರ್ಯ ತೆಗೆದುಕೊಂಡು ಒದ್ದಾಡುತ್ತಾರೆ.

ನಾನು ಸೋಷಿಯಲ್ ಮೆಡಿಸಿನ್ ವಿಷಯವನ್ನೇ ಬರೆದೆ. ಜೆಆರ್‌ಎಫ್ ಗೆರೆ ದಾಟಲಿಲ್ಲ. ಅಂದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇಲ್ಲ. "ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ" ಅನ್ನುವ ಮೂರನೇ ಗುಂಪಿಗೆ ಬಂದೆ. ಆ ಅಂಕ ನಡೆಯುವುದು ಒಂದೇ ವರ್ಷ. ಆಯ್ಕೆಯಲ್ಲಿ ನೆಟ್ ಅಂಕಕ್ಕೆ 70 ಪರ್ಸೆಂಟ್ ತೂಕ, ಸಂದರ್ಶನಕ್ಕೆ 30. ಮನೆಯಲ್ಲಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು, "ಮತ್ತ ಪಗಾರ?" ಅದಕ್ಕೆ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ಈಗ ಸಂಶೋಧನಾ ಪ್ರಸ್ತಾವನೆ, ಅಂದರೆ ಏನನ್ನು ಹೇಗೆ ಅಧ್ಯಯನ ಮಾಡುತ್ತೇನೆ ಅಂತ ಬರೆದುಕೊಡುವುದು. ಈ ವಿಡಿಯೊ ಮಾಡಿದ್ದೇ ಇದಕ್ಕೆ.

ಮೊದಲ ಸಲ ಬರೆದದ್ದು 14 ಪುಟ. ಹೆಸರು "ಕರ್ನಾಟಕದ ಮಹಿಳೆಯರಲ್ಲಿ ರಕ್ತಹೀನತೆ: ಕಾರಣ, ಪರಿಣಾಮ, ಪರಿಹಾರ". ಮೊದಲ ಸಾಲಲ್ಲೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ: 15ರಿಂದ 49 ವಯಸ್ಸಿನ ನಮ್ಮ ರಾಜ್ಯದ ಹೆಂಗಸರಲ್ಲಿ ನಾಲ್ಕನೇ ಸುತ್ತಿನಲ್ಲಿ 44.8 ಪರ್ಸೆಂಟ್‌ಗೆ ರಕ್ತಹೀನತೆ, ಐದನೇ ಸುತ್ತಿನಲ್ಲಿ 47.8. ಬಹಳ ಗಟ್ಟಿಯಾಗಿ ಬರೆದಿದ್ದೇನೆ ಅಂತ ನನ್ನ ಭಾವನೆ. ನನಗೆ ಎಂಪಿಎಚ್‌ನಲ್ಲಿ ಪಾಠ ಮಾಡಿದ್ದ ಮೇಡಂ ಓದಿ, ಕನ್ನಡಕ ತೆಗೆದು, "ಇದು ಮೂರು ಇಲಾಖೆ ಸೇರಿ ಮಾಡುವ ಕೆಲಸ ಕಣಮ್ಮ, ನೀನೊಬ್ಬಳು ಮಾಡುವುದಲ್ಲ. ಆ ಫೋಟೊ ಹಿಂದಿನ ಚೀಲ ಎಲ್ಲಿ ಹೋಯಿತು?" ಅಂದರು.

ಹುಡುಕಿದೆ. 14 ಪುಟದಲ್ಲಿ ಎಲ್ಲೂ ಇರಲಿಲ್ಲ.

ಎರಡನೇ ಸಲ ಆ ಚೀಲದಿಂದಲೇ ಶುರು ಮಾಡಿದೆ. "ಇದನ್ನು ಇದುವರೆಗೆ ಯಾರೂ ಕೇಳಿಲ್ಲ" ಅಂತ ಧೈರ್ಯವಾಗಿ ಬರೆದೆ. ಮೇಡಂ ಲೈಬ್ರರಿಗೆ ಓಡಿಸಿದರು. ನೋಡಿದರೆ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞರು 1980ರ ದಶಕದಲ್ಲೇ ದಕ್ಷಿಣ ಕನ್ನಡದ ಬಸುರಿಯರ ಊಟ, ಕೂಸಿನ ಗಾತ್ರ, ಇಂಥ ನಂಬಿಕೆಗಳ ಬಗ್ಗೆ ಬರೆದಿದ್ದಾರೆ. ಆಗ ನಾನು ಹುಟ್ಟಿಯೇ ಇರಲಿಲ್ಲ! ಎರಡು ದಿನ ಮಂಕಾಗಿ ಕೂತೆ. ಆಮೇಲೆ ಹೊಳೆಯಿತು. ಆಗಿನ ಬಸುರಿಯರು ಬೇರೆ. ಈಗ ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ಬರುತ್ತಾಳೆ, ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಸಿಸೇರಿಯನ್ ಊರೂರಲ್ಲಿ ಗೊತ್ತು. ಹಾಗಿದ್ದೂ ಆ ಭಯ ಹೇಗೆ ಉಳಿಯಿತು? "ಕೂಸು ದೊಡ್ಡದಾದರೆ ಕೊಯ್ಯುತ್ತಾರೆ" ಅಂತ ಅದು ಇನ್ನೂ ಬೆಳೆದಿದೆಯೋ? ಪ್ರಸ್ತಾವನೆ 5 ಪುಟಕ್ಕೆ ಇಳಿಯಿತು.

ಇನ್ನು ಅರ್ಜಿ ತುಂಬುವ ಪುರಾಣ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಡಿಗ್ರಿಯಲ್ಲಿ ಅಡ್ಡಹೆಸರು ಸೇರಿದೆ. ಮೂರೂ ನಾನೇ ಅಂತ ಹೇಳಲು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಸೀಲ್ ಹಾಕಿಸಬೇಕಾಯಿತು. ಶುಲ್ಕ ಕಟ್ಟುವಾಗ ಖಾತೆಯಿಂದ ದುಡ್ಡು ಹೋಯಿತು, ಪೇಜ್ ಬಿಳಿಯಾಗಿ ನಿಂತಿತು. ಫೋನ್ ಮಾಡಿದರೆ "ಮೇಲ್ ಹಾಕಿ", ಮೇಲ್ ಹಾಕಿದರೆ "ಫೋನ್ ಮಾಡಿ". ಕೊನೇ ದಿನ ಇನ್ನೊಮ್ಮೆ ಕಟ್ಟಿದೆ. ಮೊದಲಿನದು ಇನ್ನೂ ವಾಪಸ್ ಬಂದಿಲ್ಲ. ಪರದೆ ಮೇಲೆ ತೋರಿಸುತ್ತಿರುವ ಸ್ಕ್ರೀನ್‌ಶಾಟ್ ಅದೇ. ನೀವೂ ತೆಗೆದಿಟ್ಟುಕೊಳ್ಳಿ, ಸುಮ್ನೆ ಹೇಳುತ್ತಿಲ್ಲ.

ಸಂದರ್ಶನಕ್ಕೆ ಐದು ಜನ ಕೂತಿದ್ದರು. ಹತ್ತು ಸ್ಲೈಡ್. ಏಳನೆಯದರಲ್ಲಿ "400 ಬಸುರಿಯರು" ಅಂತ ಇತ್ತು. ಬಲಗಡೆ ಕೂತಿದ್ದ ಹಿರಿಯರು ಕೇಳಿದರು, "400 ಯಾಕೆ?"

ಇದು ಬರುತ್ತದೆ ಅಂತ ಗೊತ್ತಿತ್ತು. ಎಷ್ಟು ಜನರನ್ನು ಕೇಳಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ: ನಾಲ್ಕು ಪಿ ಕ್ಯೂ ಭಾಗಿಸು ಡಿ ವರ್ಗ. ಪಿ ಅಂದರೆ ಅಂದಾಜು ಪರ್ಸೆಂಟ್, ಕ್ಯೂ ಉಳಿದದ್ದು, ಡಿ ಒಪ್ಪಬಹುದಾದ ತಪ್ಪು. ಪಿ 50, ಕ್ಯೂ 50, ಡಿ 5 ಅಂತ ಹಾಕಿದರೆ ಸರಿಯಾಗಿ 400. ಗಿಳಿಪಾಠ ಒಪ್ಪಿಸಿದೆ.

"ಲೆಕ್ಕ ಸರಿ ಇದೆ. ಅದು ಎಷ್ಟು ಜನ ಗುಳಿಗೆ ತಗೊಳ್ಳಲ್ಲ ಅಂತ ಹೇಳುತ್ತದೆ. ನೀವು ಕೇಳುತ್ತಿರೋದು ಯಾಕೆ ತಗೊಳ್ಳಲ್ಲ ಅಂತ, ಅಲ್ವಾ?"

ಗಂಟಲು ಒಣಗಿತು. ನೀರಿನ ಬಾಟಲಿ ಹೊರಗೆ ಬ್ಯಾಗಿನಲ್ಲಿತ್ತು. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಸರ್, ಹಿಂದಿನ ಪ್ರಬಂಧಗಳಲ್ಲೆಲ್ಲ ಹಾಗೇ ಇತ್ತು, ನಾನೂ ಹಾಕಿದೆ. ನಿಜ ಹೇಳಬೇಕು ಅಂದರೆ ಇಪ್ಪತ್ತು ಮೂವತ್ತು ಮನೆಗಳಲ್ಲಿ, ಅತ್ತೆ ಸೊಸೆ ಇಬ್ಬರ ಹತ್ತಿರವೂ ಬೇರೆಬೇರೆಯಾಗಿ ಕೂತು ಮಾತಾಡಬೇಕು." ಬೇರೆಬೇರೆಯಾಗಿ ಯಾಕೆ ಅಂದರು. ಆಗ ಯಲ್ಲಮ್ಮನ ಫೋಟೊ ಕಥೆ ಹೇಳಿದೆ, ಸೊಸೆ ನೆಲ ನೋಡಿದ್ದನ್ನೂ ಸೇರಿಸಿ. ಅವಳ ಬಾಯಿಂದ ಆವತ್ತು ಒಂದು ಮಾತೂ ಕೇಳಲಿಲ್ಲ ಅನ್ನುವುದು ಹೇಳುತ್ತಾ ಹೇಳುತ್ತಾ ನನಗೇ ಆಗ ಗೊತ್ತಾಯಿತು. ಉಳಿದ ಮೂರು ಸ್ಲೈಡ್ ತೋರಿಸಲೇ ಇಲ್ಲ.

ಪಟ್ಟಿ ಬಂದಾಗ ವೇಟಿಂಗ್‌ನಲ್ಲಿ ಎರಡನೆಯವಳು. ಆಯ್ಕೆಯಾದವರಲ್ಲಿ ಇಬ್ಬರು ಬೇರೆ ಕಡೆ ಸೇರಿಕೊಂಡರು. ಮೊನ್ನೆ ಮಂಗಳವಾರ, ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಾಗ ಫೋನ್ ಬಂತು. ಸೀಟು ಇದೆ, ಹತ್ತು ದಿನದಲ್ಲಿ ಸೇರಬೇಕು, ಮೂಲ ದಾಖಲೆ ಎಲ್ಲಾ ತರಬೇಕು, ಮೈಗ್ರೇಶನ್ ಸರ್ಟಿಫಿಕೇಟ್ ಸಹ.

ಬೇರೆ ವಿಶ್ವವಿದ್ಯಾಲಯ ಸೇರುವಾಗ ಹಳೆಯ ವಿಶ್ವವಿದ್ಯಾಲಯದಿಂದ ತರುವ ಆ ಮೈಗ್ರೇಶನ್ ಸರ್ಟಿಫಿಕೇಟ್ ನಾನು ತೆಗೆಸಿಯೇ ಇಲ್ಲ. ನಾಳೆ ಬೆಳಗ್ಗೆ ಆರರ ಬಸ್ಸಿಗೆ ಹೊರಟಿದ್ದೇನೆ. ಕ್ಯಾಮೆರಾ ತೆಗೆದುಕೊಂಡು ಹೋಗುತ್ತೇನೆ, ಆ ಕೌಂಟರ್ ಹತ್ತಿರ ತೆಗೆಯಲು ಬಿಟ್ಟರೆ ನಿಮಗೂ ತೋರಿಸುತ್ತೇನೆ.