ನಾಲಿಗೆ, ಕೂದಲು, ಚೂರಿ

ಎಲ್ಲರಿಗೂ ನಮಸ್ಕಾರ. ಮೊದಲು ಮಕ್ಕಳಿಗೆ ಒಂದು ಚಪ್ಪಾಳೆ. ನಾಟಕ ಸೊಗಸಾಗಿತ್ತು. ಏಡಿಯಾಗಿದ್ದ ಹುಡುಗ ಎಲ್ಲಿ? ನೀನು ಅಡ್ಡಡ್ಡ ನಡೆಯುತ್ತಾ ಬಂದು ನಮ್ಮ ಅಧ್ಯಕ್ಷರ ಕಾಲು ತುಳಿದದ್ದೇ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು.

ಆದರೆ ಮೇಷ್ಟ್ರೇ, ಕೊನೆಗೆ ಪುಟ್ಟ ಮತ್ಸ್ಯಕನ್ಯೆಗೆ ಮದುವೆ ಮಾಡಿಸಿಬಿಟ್ಟಿರಲ್ಲ! ಓಲಗ ಬೇರೆ. ನಾನು ಚೀಟಿಯಲ್ಲಿ ನಾಲ್ಕು ಅಂಶ ಬರೆದುಕೊಂಡು ಬಂದಿದ್ದೆ. ಓಲಗ ಕೇಳಿದ ಮೇಲೆ ಅದೆಲ್ಲ ಹಿಂದೆ ಹೋಯಿತು. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರ ಏಪ್ರಿಲ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಪ್ರಕಟಿಸಿದ ಕಥೆಯಲ್ಲೂ ಮದುವೆ ಇದೆ. ಇಲ್ಲ ಅಂತಲ್ಲ. ರಾಜಕುಮಾರನದ್ದೇ ಮದುವೆ. ಬೇರೆಯವಳ ಜೊತೆ.

ಕಥೆ ನಿಮಗೆಲ್ಲ ಗೊತ್ತು, ಪೂರ್ತಿ ಹೇಳುವುದಿಲ್ಲ. ರಾಜಕುಮಾರನನ್ನು ಬಯಸಿದ ಮತ್ಸ್ಯಕನ್ಯೆ ಬಾಲದ ಬದಲು ಕಾಲು ಬೇಕು ಅಂತ ಸಮುದ್ರದ ಮಾಟಗಾತಿಯ ಹತ್ತಿರ ಹೋಗುತ್ತಾಳೆ. ಒಂದೇ ಮಾತು ಕೇಳುತ್ತೇನೆ. ಇದರಲ್ಲಿ ಕೆಟ್ಟವರು ಯಾರು? ಮಾಟಗಾತಿ ಅಂತೀರಿ. ನಾನು ಒಪ್ಪುವುದಿಲ್ಲ. ಅವಳ ಮನೆ ಹಡಗು ಒಡೆದು ಸತ್ತವರ ಮೂಳೆಯಿಂದ ಕಟ್ಟಿದ್ದು, ನಿಜ. ಅವಳ ಬಾಯಿಂದ ಕಪ್ಪೆ ತುತ್ತು ತಿನ್ನುತ್ತದೆ, ಅದೂ ನಿಜ. ಆದರೆ ವ್ಯವಹಾರದಲ್ಲಿ ಅವಳಷ್ಟು ನೇರ ಯಾರೂ ಇಲ್ಲ. ಹುಡುಗಿ ಬಾಯಿ ಬಿಡುವ ಮೊದಲೇ 'ನಿನಗೇನು ಬೇಕು ಅಂತ ಗೊತ್ತು, ಅದು ದಡ್ಡತನ' ಅನ್ನುತ್ತಾಳೆ. ಕಾಲು ಬರುತ್ತದೆ, ಹೆಜ್ಜೆ ಹೆಜ್ಜೆಗೂ ಚೂರಿಯ ಮೇಲೆ ನಡೆದಂತೆ ನೋಯುತ್ತದೆ. ಇನ್ನು ಅಪ್ಪನ ಅರಮನೆಗೆ ವಾಪಸ್ ಬರುವ ಹಾಗಿಲ್ಲ. ಅವನು ಬೇರೆಯವಳನ್ನು ಮದುವೆಯಾದರೆ ಮಾರನೆಯ ಬೆಳಿಗ್ಗೆ ನೀನು ನೊರೆ. ಇಷ್ಟಕ್ಕೂ ಬೆಲೆ ನಿನ್ನ ದನಿ, ಅಂದರೆ ನಾಲಿಗೆ. ಎಲ್ಲ ಷರತ್ತನ್ನೂ ದೊಡ್ಡ ಅಕ್ಷರದಲ್ಲಿ ಬರೆದಂತೆ ಮುಂಚೆಯೇ ಹೇಳಿದಳು. ನಮ್ಮ ಮೊಬೈಲ್ ಸಾಲದ ಆಪ್‌ಗಳು ಹೇಳುತ್ತವಾ?

ಹುಡುಗಿ ಎಲ್ಲ ಕೇಳಿ ಒಪ್ಪಿದಳು. ನಾಲಿಗೆ ಕತ್ತರಿಸಿಕೊಂಡಳು. ಇದನ್ನು ನಾವು ಶಾಲೆಯಲ್ಲಿ 'ತ್ಯಾಗ' ಅಂತ ಪಾಠ ಮಾಡುತ್ತೇವೆ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಈಗ ನನಗೆ ಅದು ತ್ಯಾಗ ಅನ್ನಿಸುವುದಿಲ್ಲ. ಅದು ವ್ಯಾಪಾರ. ಒಂದು ಕೊಟ್ಟು ಒಂದು ತೆಗೆದುಕೊಂಡಳು. ಧೈರ್ಯದ ವ್ಯಾಪಾರ, ಆದರೂ ವ್ಯಾಪಾರವೇ. ಹೆಣ್ಣುಮಕ್ಕಳ ಮುಂದೆ ನಿಂತು 'ನಾಲಿಗೆ ಕೊಟ್ಟದ್ದು ದೊಡ್ಡ ತ್ಯಾಗ' ಅಂತ ಹೊಗಳುವುದಿದೆಯಲ್ಲ, ಅದು ನನಗೆ ಭಯ ಹುಟ್ಟಿಸುತ್ತದೆ.

ಈ ಬುದ್ಧಿ ನನ್ನದಲ್ಲ, ಮೊಮ್ಮಗಳದ್ದು. ಅವಳಿಗೆ ಆಗ ಏಳು ವರ್ಷ. ಬೇಸಿಗೆ ರಜೆ, ಕರೆಂಟ್ ಇಲ್ಲ, ಜಗಲಿಯಲ್ಲಿ ಚಾಪೆ ಹಾಕಿ ಮಲಗಿದ್ದೆವು. ನಾನು ಈ ಕಥೆ ಶುರು ಮಾಡಿದೆ. ಅವಳು ಸುಮ್ನೆ ಕೇಳುವ ಪೈಕಿ ಅಲ್ಲ. ಸಮುದ್ರದೊಳಗೆ ಅಡುಗೆ ಮಾಡುವಾಗ ಒಲೆ ಆರಿಹೋಗಲ್ವಾ? ಅಜ್ಜಿ ಮತ್ಸ್ಯಕನ್ಯೆ ಬಾಲಕ್ಕೆ ಹನ್ನೆರಡು ಸಿಂಪಿ ಕಚ್ಚಿಸಿಕೊಂಡಿದ್ದಾಳಲ್ಲ, ನೋಯಲ್ವಾ? ನೋಯುತ್ತೆ ಕಣೇ, ದೊಡ್ಡ ಮನೆತನ ಅಂತ ತೋರಿಸೋಕೆ ನೋವು ತಡ್ಕೋಬೇಕು ಅಂತ ಆ ಅಜ್ಜಿನೇ ಹೇಳ್ತಾಳೆ ಅಂದೆ. 'ನಿನ್ನ ಓಲೆ ಥರ' ಅಂದಳು. ನನ್ನ ಕಿವಿ ಜೋತುಬಿದ್ದಿರುವುದು ನಿಮಗೂ ಕಾಣುತ್ತಿದೆಯಲ್ಲ, ನಗಿ.

ಹೀಗೆ ಅರ್ಧ ಗಂಟೆ ಎಳೆದು ಅಕ್ಕಂದಿರ ಭಾಗಕ್ಕೆ ಬಂದೆವು. ರಾಜಕುಮಾರನ ಮದುವೆಯ ರಾತ್ರಿ ಐವರು ಅಕ್ಕಂದಿರು ಹಡಗಿನ ಹತ್ತಿರ ಮೇಲೆ ಬರುತ್ತಾರೆ. ತಲೆಯಲ್ಲಿ ಕೂದಲಿಲ್ಲ. ಮಾಟಗಾತಿಗೆ ಕೊಟ್ಟು ಒಂದು ಚೂರಿ ತಂದಿದ್ದಾರೆ. ಸೂರ್ಯ ಹುಟ್ಟುವ ಮೊದಲು ಅವನ ಎದೆಗೆ ಇರಿ, ರಕ್ತ ನಿನ್ನ ಕಾಲಿಗೆ ಬಿದ್ದರೆ ಮತ್ತೆ ಬಾಲ ಬರುತ್ತದೆ, ಮನೆಗೆ ಬಾ ಅನ್ನುತ್ತಾರೆ.

ಮೊಮ್ಮಗಳು ಎದ್ದು ಕೂತಳು. 'ಅವರ ಕೂದಲು ಮತ್ತೆ ಬೆಳೀತಾ ಅಜ್ಜಿ?' ಬೆಳೆದಿರುತ್ತೆ ಪುಟ್ಟಿ ಅಂದೆ. ಅವಳಿಗೆ ಆ ವರ್ಷವೇ ಹರಕೆ ಅಂತ ಮುಡಿ ಕೊಟ್ಟಿದ್ದರು, ತಲೆ ಮುಟ್ಟಿ ನೋಡಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, 'ನಾಲಿಗೆ ಬೆಳೆಯಲ್ಲ ಅಲ್ವಾ' ಅಂದಳು.

ನನಗೆ ಉತ್ತರ ತೋಚಲಿಲ್ಲ. ನಮ್ಮ ಹರಕೆ ನೋಡಿ, ಎಷ್ಟು ಜಾಣತನ! ಕೆಲಸ ಆಗಲಿ ಸ್ವಾಮಿ, ಆಮೇಲೆ ಬಂದು ಒಪ್ಪಿಸುತ್ತೇನೆ ಅಂತ ದೇವರ ಹತ್ತಿರ ಸಾಲ ಹೇಳುತ್ತೇವೆ. ಒಪ್ಪಿಸುವುದೂ ಮತ್ತೆ ಬೆಳೆಯುವಂಥದ್ದನ್ನೇ. ಮಾಟಗಾತಿ ಸಾಲ ಕೊಡುವವಳಲ್ಲ. ಮುಂಗಡ ಪೂರ್ತಿ. ಆದರೂ ಹೇಳುತ್ತೇನೆ, ಅವಳು ಮೋಸ ಮಾಡಲಿಲ್ಲ. ಬೆಲೆ ಹೇಳಿದಳು!

ಹಾಗಾದರೆ ತ್ಯಾಗ ಎಲ್ಲಿದೆ? ಹಡಗಿನ ಮೇಲೆ ಮದುಮಕ್ಕಳು ಮಲಗಿದ್ದ ಡೇರೆಯೊಳಗೆ ಇದೆ. ಹುಡುಗಿ ಪರದೆ ಸರಿಸುತ್ತಾಳೆ. ಅವನ ಎದೆಯ ಮೇಲೆ ಮದುವಣಗಿತ್ತಿ ತಲೆಯಿಟ್ಟು ಮಲಗಿದ್ದಾಳೆ. ಆಕಾಶ ನೋಡುತ್ತಾಳೆ, ಕೆಂಪೇರುತ್ತಿದೆ. ಚೂರಿ ನೋಡುತ್ತಾಳೆ. ಅವನು ನಿದ್ದೆಯಲ್ಲಿ ಹೆಂಡತಿಯ ಹೆಸರು ಕನವರಿಸುತ್ತಾನೆ. ಅಲ್ಲೇ ಚುಚ್ಚಿಬಿಡುತ್ತಾಳೆ ಅನ್ನಿಸುತ್ತದೆ, ಅಲ್ವಾ? ಕೈ ನಡುಗುತ್ತದೆ. ಚೂರಿಯನ್ನು ದೂರ ಅಲೆಗೆ ಎಸೆಯುತ್ತಾಳೆ. ಬಿದ್ದ ಜಾಗದಲ್ಲಿ ನೀರು ಕೆಂಪಾಗುತ್ತದೆ.

ಇಲ್ಲಿ ಅವಳಿಗೆ ಬದಲಿಗೆ ಏನೂ ಸಿಗುವುದಿಲ್ಲ. ಆಮೇಲೆ ಗಾಳಿಯ ಹೆಣ್ಣುಮಕ್ಕಳು ಅವಳನ್ನು ಎತ್ತಿಕೊಳ್ಳುತ್ತಾರೆ, ಸರಿ. ಆದರೆ ಎಸೆಯುವಾಗ ಅವಳಿಗೆ ಅದು ಗೊತ್ತಿರಲಿಲ್ಲ. ನೊರೆಯಾಗುತ್ತೇನೆ ಅಂತ ಮಾತ್ರ ಗೊತ್ತಿತ್ತು. ಹಾಗೆ ನೋಡಿದರೆ ಇದರಲ್ಲಿ ನಮಗೆ ಅಷ್ಟು ಸುಲಭವಾಗಿ ತಟ್ಟದ ಇನ್ನೊಂದು ಜಗಳವಿದೆ. ಅವಳಿಗೆ ರಾಜಕುಮಾರ ಮಾತ್ರ ಬೇಕಿರಲಿಲ್ಲ, ಸಾಯದ ಆತ್ಮವೂ ಬೇಕಿತ್ತು. ಅಲ್ಲಿ ಮತ್ಸ್ಯಕನ್ಯೆಗೆ ಆತ್ಮ ಇಲ್ಲ, ಮುನ್ನೂರು ವರ್ಷ ಬದುಕಿ ನೊರೆಯಾಗಬೇಕು. ಇರುವೆಗೂ ಆತ್ಮ ಇದೆ ಅನ್ನುವ ನಮ್ಮ ಮಕ್ಕಳಿಗೆ ಅದನ್ನು ಹೇಗೆ ಹೇಳುವುದು? ಅದು ನನ್ನ ಎರಡನೇ ಅಂಶ...

ಚೀಟಿ ಬಂತು. 'ಐದು ನಿಮಿಷ' ಅಂತ ಬರೆದಿದ್ದಾರೆ. ಎರಡೂ ಪದದ ಕೆಳಗೆ ಗೆರೆಯನ್ನೂ ಎಳೆದಿದ್ದಾರೆ.

ಸರಿ, ಓಡೋಣ. ಮೂರನೆಯದು, ಆಂಡರ್ಸನ್‌ನ ಬದುಕು. ಅವನು ತುಂಬಾ ಹಚ್ಚಿಕೊಂಡಿದ್ದ ಗೆಳೆಯ ಎಡ್ವರ್ಡ್ ಕೊಲಿನ್ 1836ರಲ್ಲಿ ಮದುವೆಯಾದ, ಮರುವರ್ಷ ಈ ಕಥೆ ಬಂತು. ಅಷ್ಟು ಸಾಕು. ನಾಲ್ಕನೆಯದು ಪ್ರತಿಮೆ. ಕೋಪನ್‌ಹೇಗನ್ ಬಂದರಿನಲ್ಲಿ 1913ರಿಂದ ಬಂಡೆಯ ಮೇಲೆ ಕೂತಿದ್ದಾಳೆ. 1964ರಲ್ಲಿ ಯಾರೋ ತಲೆಯನ್ನೇ ಗರಗಸದಿಂದ ಕೊಯ್ದು ಒಯ್ದರು. ಮಾಟಗಾತಿ ನಾಲಿಗೆಯನ್ನಾದರೂ ಕೇಳಿ ತೆಗೆದುಕೊಂಡಳು.

ಕೊನೆಗೊಂದು ತಪ್ಪೊಪ್ಪಿಗೆ. ಗಾಳಿಯ ಮಗಳಾದ ಮತ್ಸ್ಯಕನ್ಯೆ ಒಳ್ಳೆಯ ಮಗುವನ್ನು ಕಂಡರೆ ಆತ್ಮಕ್ಕಾಗಿ ಅವಳು ಕಾಯಬೇಕಾದ ಕಾಲ ಒಂದು ವರ್ಷ ಕಡಿಮೆಯಾಗುತ್ತದೆ, ತಂಟೆ ಮಗುವನ್ನು ಕಂಡು ಅತ್ತರೆ ಕಣ್ಣೀರ ಹನಿಗೊಂದು ದಿನ ಜಾಸ್ತಿಯಾಗುತ್ತದೆ ಅಂತ ಕಥೆಯ ಕೊನೆಯಲ್ಲಿದೆ. ಅದನ್ನು ನಾನು ಅವತ್ತು ಹೇಳಲಿಲ್ಲ. ಆ ಭಾರ ಏಳು ವರ್ಷದವಳ ತಲೆಗೆ ಯಾಕೆ? ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅವಳನ್ನು ಹುಡುಕಿದರು, ನೊರೆ ನೋಡುತ್ತಾ ಬೇಜಾರಲ್ಲಿ ನಿಂತರು ಅಂತ ಮುಗಿಸಿದೆ. ಮಲಗಿದಳು ಅಂದುಕೊಂಡೆ. ಕತ್ತಲಲ್ಲಿ ಮತ್ತೆ ಕೇಳಿದಳು.

'ಅಜ್ಜಿ, ಅವನು ಮುಳುಗ್ತಿದ್ದಾಗ ದಡಕ್ಕೆ ತಂದಿದ್ದು ಇವಳೇ ಅಂತ ಅವನಿಗೆ ಕೊನೆಗೂ ಗೊತ್ತಾಗ್ಲೇ ಇಲ್ವಾ?'

ಇಲ್ಲ ಪುಟ್ಟಿ ಅಂದೆ.

ಟೀ ಬಂದಿದೆ ಅಂತ ಕಾಣುತ್ತದೆ. ಏಡಿ ಆಗಲೇ ಎದ್ದು ಹೊರಟಿದ್ದಾನೆ. ನಮಸ್ಕಾರ.