ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ?

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ನಕಾಶೆಯ ಬಗ್ಗೆ ಮಾತಾಡೋಣ. ಬೆಳಗಾವಿ ಸುತ್ತಲಿನ ಊರುಗಳಲ್ಲಿ, ಪೀರನವಾಡಿ, ಮಚ್ಛೆ, ಯಳ್ಳೂರ, ಹಲಗಾ, ಕಣಬರ್ಗಿ, ಕಂಗ್ರಾಳಿ, ಹಿಂಡಲಗಾ ಕಡೆ ಮನೆ ಇರುವವರಿಗೆ, ಹೊಲ ಇರುವವರಿಗೆ, ಒಂದು ಪ್ಲಾಟ್ ತಗೊಂಡು ಬಿಟ್ಟವರಿಗೆ ಈ ನಕಾಶೆ ನೇರವಾಗಿ ಸಂಬಂಧಪಟ್ಟದ್ದು. ಆದರೆ ಅದನ್ನು ಕಣ್ಣಾರೆ ನೋಡಿದವರು ಬಹಳ ಕಡಿಮೆ. ಕಾಗದದ ಮೇಲೆ ಅದು ಮಹಾಯೋಜನೆ. ಜನ ಮಾಸ್ಟರ್ ಪ್ಲಾನ್ ಅಂತಾರೆ, ಹಳಬರು ಇನ್ನೂ ಸಿಡಿಪಿ, ಅಂದರೆ ಸಮಗ್ರ ಅಭಿವೃದ್ಧಿ ಯೋಜನೆ, ಅಂತಲೇ ಕರೀತಾರೆ.

ನಿಮ್ಮ ಹೊಲ ಮುಂದೆಯೂ ಹೊಲವಾಗಿಯೇ ಇರುತ್ತದೋ, ಅದರ ನಡುವೆ ಅಗಲವಾದ ರಸ್ತೆ ಹಾಯುತ್ತದೋ, ಪಕ್ಕದಲ್ಲಿ ಕಾರ್ಖಾನೆ ಬರಬಹುದೋ, ಮಕ್ಕಳು ಆಡುವ ಖುಲ್ಲಾ ಜಾಗ ಉಳಿಯುತ್ತದೋ, ಇದೆಲ್ಲ ಆ ನಕಾಶೆಯಲ್ಲಿ ಮೊದಲೇ ತೀರ್ಮಾನ ಆಗಿರುತ್ತದೆ. ಆಮೇಲೆ ಜೆಸಿಬಿ ಬಂದು ನಿಂತಾಗ ನಾವು ಓಡಾಡುತ್ತೇವೆ. ಅಷ್ಟರಲ್ಲಿ ತಡವಾಗಿರುತ್ತದೆ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರ ಪ್ರಕಾರ ಯೋಜನಾ ಪ್ರಾಧಿಕಾರ, ಅಂದರೆ ನಮ್ಮಲ್ಲಿ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ (ಬುಡಾ), ಈ ನಕಾಶೆ ತಯಾರು ಮಾಡಬೇಕು. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಮೊದಲು ಇವತ್ತು ನೆಲ ಹೇಗೆ ಬಳಕೆಯಾಗುತ್ತಿದೆ ಅಂತ ಸರ್ವೆ ಆಗುತ್ತದೆ, ಆಮೇಲೆ ಕರಡು, ಅದಕ್ಕೆ ಸರ್ಕಾರದ ತಾತ್ಕಾಲಿಕ ಒಪ್ಪಿಗೆ, ನಂತರ ಸಾರ್ವಜನಿಕ ಪ್ರಕಟಣೆ. ಪ್ರಕಟವಾದ ದಿನದಿಂದ 60 ದಿನ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕೊಡಬಹುದು. ನಿಮ್ಮ ಹೆಸರಿಗೆ ಜಮೀನು ಇರಬೇಕು ಅಂತೇನಿಲ್ಲ, ಬಾಡಿಗೆ ಮನೆಯವರೂ ಕೊಡಬಹುದು. ಅದೆಲ್ಲ ಪರಿಶೀಲನೆ ಆದ ಮೇಲೆ ಸರ್ಕಾರದ ಅಂತಿಮ ಮಂಜೂರಾತಿ.

ಈ 60 ದಿನದ ಬಗ್ಗೆಯೇ ನಾನು ಇವತ್ತು ಮಾತಾಡಲು ಬಂದದ್ದು. ಆ ದಿನಗಳಲ್ಲಿ ಊರಿನವರು ಒಟ್ಟಾಗಿ ಕೂತು ನಕಾಶೆ ನೋಡಬೇಕು, ಮತ್ತು ಎಲ್ಲಕ್ಕಿಂತ ಮೊದಲು ಅದರಲ್ಲಿ ನೀರಿನ ದಾರಿ ನೋಡಬೇಕು. ರಸ್ತೆ, ಪ್ಲಾಟ್, ರೇಟು ಎಲ್ಲ ಆಮೇಲೆ.

ಯಾಕೆ ನೀರು? ಬಳ್ಳಾರಿ ನಾಲಾ ಗೊತ್ತಲ್ವಾ. ಯಳ್ಳೂರ ಕಡೆಯಿಂದ ಶಹಾಪುರ, ವಡಗಾವಿ ಶಿವಾರ ದಾಟಿ ಹಲಗಾ ಕಡೆ ಹರಿದು ಮುಂದೆ ಮಾರ್ಕಂಡೇಯ ನದಿ ಸೇರುತ್ತದೆ. ಮಾರ್ಕಂಡೇಯ ಘಟಪ್ರಭೆಗೆ ಹೋಗುತ್ತದೆ. ನಾಲಾದ ಎರಡೂ ದಂಡೆಗೆ ಭತ್ತದ ಗದ್ದೆ. ಬೆಳಗಾವಿ ಬಾಸಮತಿ ಅಂತ ಹೆಸರು ಮಾಡಿದ ಅಕ್ಕಿ ಬೆಳೆದದ್ದು ಇಂಥ ತಗ್ಗಿನ ನೆಲದಲ್ಲೇ. ಜುಲೈ ಆಗಸ್ಟಿನಲ್ಲಿ ಮಳೆ ಹಿಡಿದರೆ ನಾಲಾ ಉಕ್ಕಿ ಗದ್ದೆಗೆ ನುಗ್ಗುತ್ತದೆ, ನಾಟಿ ಮಾಡಿದ ಸಸಿ ದಿನಗಟ್ಟಲೆ ನೀರಿನಡಿ ನಿಂತು ಕೊಳೆಯುತ್ತದೆ. ರೈತರು ಪ್ರತಿ ವರ್ಷ ಹೂಳು ತೆಗೆಸಿ ಅಂತ ಅರ್ಜಿ ಹಿಡಿದು ಓಡಾಡುತ್ತಾರೆ. ಹೂಳು ತೆಗೆಯುವುದು ಬೇಕೇ ಬೇಕು. ಆದರೆ ಮೇಲ್ಭಾಗದಲ್ಲಿ ಮೊದಲು ಮಳೆ ಕುಡಿಯುತ್ತಿದ್ದ ನೆಲಕ್ಕೆ ಇವತ್ತು ಕಾಂಕ್ರೀಟ್ ಬಿದ್ದಿದೆ, ಅಲ್ಲಿ ಬಿದ್ದ ನೀರು ಒಂದೇ ಏಟಿಗೆ ನಾಲಾಕ್ಕೆ ಇಳಿಯುತ್ತದೆ. ನಾಲಾದ ಅಗಲ ಮಾತ್ರ ಜಾಸ್ತಿ ಆಗಿಲ್ಲ, ಎಷ್ಟೋ ಕಡೆ ಕಡಿಮೆಯೇ ಆಗಿದೆ.

2019ರ ಆಗಸ್ಟ್ ನೆನಪಿದೆಯಾ? ಆ ಮಳೆಯಲ್ಲಿ ಊರೊಳಗಿನ ಬಡಾವಣೆಗಳಿಗೇ ನೀರು ನುಗ್ಗಿತ್ತು. ಜನ ದೋಣಿಯಲ್ಲಿ ಹೊರಗೆ ಬಂದರು. ನೀರು ಹೊಸ ಜಾಗ ಹುಡುಕಿಕೊಂಡು ಬರಲಿಲ್ಲ. ಅದು ಹಿಂದಿನಿಂದ ಹರಿಯುತ್ತಿದ್ದ ತಗ್ಗಿನಲ್ಲೇ ಬಂತು. ಅಲ್ಲಿ ಮನೆ ಕಟ್ಟಲು ಯಾವುದೋ ಒಂದು ಹಂತದಲ್ಲಿ ಬಣ್ಣ ಕೊಟ್ಟಿದ್ದು ನಾವು ಮನುಷ್ಯರು.

ಬಣ್ಣ ಅಂದೆ. ನಕಾಶೆ ಓದುವುದು ಕಷ್ಟ ಅಲ್ಲ. ಹಳದಿ ಅಂದರೆ ವಾಸದ ವಲಯ, ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ ಮತ್ತು ಖುಲ್ಲಾ ಜಾಗ, ತಿಳಿ ಹಸಿರು ಕೃಷಿ. ಇದರ ಮೇಲೆ ಸಣ್ಣ ಅಕ್ಷರದಲ್ಲಿ ಸರ್ವೆ ನಂಬರ್ ಇರುತ್ತದೆ. ನಿಮ್ಮ ಉತಾರ, ಅಂದರೆ ಪಹಣಿ, ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರಲ್ಲಿರುವ ನಂಬರ್ ನಕಾಶೆಯಲ್ಲಿ ಹುಡುಕಿ. ಒಂದು ಸರ್ವೆ ನಂಬರ್ ಪಾಲಾದಾಗ ಬರುವ ಹಿಸ್ಸಾ ನಂಬರ್ ಅಲ್ಲಿ ಕಾಣುವುದಿಲ್ಲ, ಮೂಲ ನಂಬರ್ ಮಾತ್ರ ಇರುತ್ತದೆ, ಹಾಗಾಗಿ ನಿಮ್ಮ ತುಂಡು ಯಾವ ದಿಕ್ಕಿಗಿದೆ ಅಂತ ಮೊದಲೇ ತಿಳಿದುಕೊಂಡಿರಿ.

ಇನ್ನೊಂದು ಕೆಲಸ ಮಾಡಿ. ಹಳೇ ಗ್ರಾಮ ನಕಾಶೆಯ ಪ್ರತಿ ತಗೊಂಡು ಪಕ್ಕದಲ್ಲಿ ಹಾಸಿ. ಅದರಲ್ಲಿ ಗಾವಠಾಣ, ಅಂದರೆ ಊರಿನ ಮನೆಗಳಿರುವ ಜಾಗ, ಇರುತ್ತದೆ, ಗಾಯರಾಣ, ಅಂದರೆ ದನ ಮೇಯುವ ಗೋಮಾಳ, ಇರುತ್ತದೆ, ಕೆರೆ, ಹಳ್ಳ, ಚಕ್ಕಡಿ ದಾರಿ ಎಲ್ಲ ಇರುತ್ತದೆ. ಈಗ ಬೆರಳಿಟ್ಟು ಒಂದೊಂದೇ ಹಳ್ಳ ಹಿಡಿದು ಕೆಳಗೆ ಬನ್ನಿ. ಹಳೇ ನಕಾಶೆಯಲ್ಲಿ ಹಳ್ಳ ಎರಡು ಹೊಲಗಳ ನಡುವೆ ಬಳುಕಿಕೊಂಡು ಹೋಗಿರುತ್ತದೆ. ಹೊಸ ಕರಡಿನಲ್ಲಿ ಅದೇ ಜಾಗದಲ್ಲಿ ಇಡೀ ಹಳದಿ ಬಳಿದಿದ್ದರೆ, ಹಳ್ಳದ ಗೆರೆ ಒಂದು ಸರ್ವೆ ನಂಬರಿನಲ್ಲಿ ಇದ್ದು ಮುಂದಿನದರಲ್ಲಿ ಮಾಯವಾಗಿದ್ದರೆ, ಅಲ್ಲಿ ನಿಲ್ಲಿ. ನಿಮ್ಮ ಮೊದಲ ಆಕ್ಷೇಪಣೆ ಅದು. ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹಳ್ಳವನ್ನು ಬೇಸಿಗೆಯಲ್ಲಿ ಸರ್ವೆಗೆ ಬಂದವರು ಗುರುತಿಸದೇ ಇರಬಹುದು. ಊರಿನ ಅಜ್ಜನಿಗೆ ಅದು ಗೊತ್ತು. ಎಲ್ಲಿ ನೀರು ನಿಲ್ಲುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಯಾವ ಬಾವಿ ಮೊದಲು ತುಂಬುತ್ತದೆ, ಎಲ್ಲ ಗೊತ್ತು. ಅವರನ್ನು ನಕಾಶೆ ಹಾಸಿದ ಮೇಜಿನ ಹತ್ತಿರ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ ಕೂರಿಸಿ.

ಈಗ ರೈತರ ಕಡೆಯಿಂದ ಒಂದು ಮಾತು ಬರುತ್ತದೆ, ಅದು ನ್ಯಾಯದ ಮಾತು. ನಮ್ಮ ಗದ್ದೆಗೆ ಹಸಿರು ಹಾಕಿ ಕೂತರೆ ರೇಟು ಬೀಳುತ್ತದೆ, ಬದುವಿನ ಆಚೆಯವನು ಹಳದಿ ಸಿಕ್ಕು ಕೋಟಿ ಎಣಿಸುತ್ತಾನೆ, ನಾವು ಮಗಳ ಮದುವೆಗೆ ಸಾಲ ಮಾಡಬೇಕಾ ಅಂತ ಕೇಳುತ್ತಾರೆ. ಊರಿಗೆಲ್ಲ ಪ್ರವಾಹ ತಪ್ಪಿಸುವ ಗದ್ದೆಯ ಭಾರ ಒಬ್ಬ ರೈತನೇ ಹೊರಬೇಕು ಅನ್ನುವುದು ಸರಿ ಅಲ್ಲ. ತಗ್ಗು ನೆಲ ಹಸಿರಾಗಿಯೇ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ, ಅಷ್ಟೇ ಗಟ್ಟಿಯಾಗಿ ಇದನ್ನೂ ಹೇಳುತ್ತೇನೆ: ಅದಕ್ಕೆ ಬದಲಾಗಿ ನಗರ ಏನಾದರೂ ಕೊಡಬೇಕು. ಹೊಲಕ್ಕೆ ಹೋಗುವ ಒಳ್ಳೆ ದಾರಿ, ಪ್ರತಿ ವರ್ಷ ಮಳೆಗೆ ಮುಂಚೆ ನಾಲಾ ಸ್ವಚ್ಛ, ಗಟಾರದ ನೀರು ಗದ್ದೆಗೆ ಬರದ ಹಾಗೆ ವ್ಯವಸ್ಥೆ, ಕಾಯಿಪಲ್ಲೆ ಇಡಲು ಶೀತಲಗೃಹ. ಬೆಳಗಾವಿ ಸುತ್ತಲಿನ ಹಳ್ಳಿಗಳ ಕಾಯಿಪಲ್ಲೆ ಗೋವಾದವರೆಗೂ ಹೋಗುತ್ತದೆ. ಈ ನೆಲ ಸುಮ್ನೆ ಖಾಲಿ ಬಿದ್ದ ಜಾಗ ಅಲ್ಲ, ಅದೊಂದು ನಡೆಯುತ್ತಿರುವ ಉದ್ಯೋಗ. ಹಲಗಾ-ಮಚ್ಛೆ ಬೈಪಾಸಿಗೆ ರೈತರು ವರ್ಷಗಟ್ಟಲೆ ಅಡ್ಡ ನಿಂತದ್ದು, ಕೋರ್ಟು ಮೆಟ್ಟಿಲು ಹತ್ತಿದ್ದು ಫಲವತ್ತಾದ ಆ ನೆಲಕ್ಕಾಗಿಯೇ.

ಹಾಗಾದರೆ ಊರು ಬೆಳೆಯಬಾರದಾ? ಬೆಳೆಯಬೇಕು. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಐದು ಲಕ್ಷದ ಹತ್ತಿರ ಇತ್ತು. ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಹಲಗಾ ಬಸ್ತವಾಡ ಹತ್ತಿರ 2012ರಲ್ಲಿ ಸುವರ್ಣ ವಿಧಾನಸೌಧ ಆಯಿತು, ಸಾಂಬ್ರಾದಲ್ಲಿ ವಿಮಾನ ನಿಲ್ದಾಣ, ಉದ್ಯಮಬಾಗದಲ್ಲಿ ಫೌಂಡ್ರಿಗಳು. ಕೆಲಸಕ್ಕೆ ಬರುವವರಿಗೆ ಮನೆ ಬೇಕು, ಅದೂ ಕೈಗೆಟಕುವ ಬೆಲೆಯಲ್ಲಿ. ಮನೆಗೆ ಬೇಕಾದ್ದು ಗಟ್ಟಿ ಮುರ್ರಂ ನೆಲ, ನೀರು ನಿಲ್ಲದ ಮಾಳ. ಹಳೇ ಬಡಾವಣೆಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದು ಜಾಲಿ ಬೆಳೆದ ಪ್ಲಾಟುಗಳೂ ಎಷ್ಟೋ ಇವೆ. ಅಲ್ಲಿ ಮೊದಲು ತುಂಬಲಿ. ಭತ್ತದ ಗದ್ದೆಗೆ ಮಣ್ಣು ಸುರಿದು ಮಟ್ಟ ಮಾಡಿ ಕಟ್ಟುವುದು ಯಾಕೆ?

ನಕಾಶೆ ಪರಿಷ್ಕರಣೆ ತಡವಾದಷ್ಟೂ ಏನಾಗುತ್ತದೆ ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಬಾಂಡ್ ಪ್ಲಾಟ್. ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಎನ್.ಎ., ಅಂದರೆ ಕೃಷಿಯೇತರ ಬಳಕೆಯ ಪರವಾನಗಿ, ಇಲ್ಲದೆ, ಲೇಔಟ್ ಮಂಜೂರಾತಿ ಇಲ್ಲದೆ, ಬಾಂಡ್ ಕಾಗದದ ಮೇಲೆ ಬರೆದು ಕೊಡುವುದು. ತಗೊಳ್ಳುವವರು ಯಾರು? ಗಾರೆ ಕೆಲಸದವರು, ಫೌಂಡ್ರಿಯಲ್ಲಿ ದುಡಿಯುವವರು, ಮನೆಗೆಲಸದ ಹೆಣ್ಣುಮಕ್ಕಳು. ಚಿನ್ನ ಅಡ ಇಟ್ಟು ದುಡ್ಡು ಕಟ್ಟಿರುತ್ತಾರೆ. ಆಮೇಲೆ ನೋಡಿದರೆ ರಸ್ತೆ ಹತ್ತು ಅಡಿ, ಗಟಾರ ಇಲ್ಲ, ನಳ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಅಕ್ರಮ ಸಕ್ರಮ ಬರುತ್ತದೆ ಅಂತ ಕಾದರು, 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಅನಧಿಕೃತ ಬಡಾವಣೆಯ ಆಸ್ತಿಗಳಿಗೆ ಬಿ ಖಾತಾ ಕೊಡಲು ಶುರು ಮಾಡಿತು. ಅದರಿಂದ ತೆರಿಗೆ ಕಟ್ಟಲು ದಾರಿ ಆಯಿತು, ಆದರೆ ಬಿ ಖಾತಾ ಬಂದ ಮಾತ್ರಕ್ಕೆ ಬಡಾವಣೆ ಅಧಿಕೃತ ಆಗುವುದಿಲ್ಲ, ರಸ್ತೆ ಅಗಲ ಆಗುವುದಿಲ್ಲ. ಇವರನ್ನು ಅಕ್ರಮದವರು ಅಂತ ಬೈದು ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಹಿಂದಿನ ಯೋಜನೆಯಲ್ಲೇ ಬಡವರಿಗೆ ಎಟಕುವ ಸಣ್ಣ ಅಳತೆಯ ಪ್ಲಾಟುಗಳಿಗೆ ಜಾಗ ಇಟ್ಟಿದ್ದರೆ ಅವರು ಬಾಂಡ್ ಹಿಂದೆ ಹೋಗುತ್ತಿರಲಿಲ್ಲ.

ಬಣ್ಣದ ನಕಾಶೆ ಜೊತೆಗೆ ಒಂದು ಪುಸ್ತಕವೂ ಬರುತ್ತದೆ, ವಲಯ ನಿಯಮಗಳದ್ದು. ಯಾವ ವಲಯದಲ್ಲಿ ಏನು ಮಾಡಬಹುದು, ಎಷ್ಟು ಎತ್ತರ ಕಟ್ಟಬಹುದು ಅಂತ ಅದರಲ್ಲಿ ಇರುತ್ತದೆ. ನಕಾಶೆ ಎಲ್ಲರೂ ನೋಡುತ್ತಾರೆ, ಪುಸ್ತಕ ಯಾರೂ ತೆರೆಯುವುದಿಲ್ಲ. ವಡಗಾವಿ, ಖಾಸಬಾಗ ಕಡೆ ನೇಕಾರರ ಮನೆಗೆ ಹೋಗಿ ನೋಡಿ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆ ಮನೆ, ಮೇಲೆ ನೂಲಿನ ಗಂಟು. ಅದೇ ಮನೆ, ಅದೇ ಉದ್ಯೋಗ. ಅದಕ್ಕೆ ಹಳದಿ ಹಾಕಿದರೆ ಮಗ್ಗದ ಗತಿ ಏನು? ನೇರಳೆ ಹಾಕಿದರೆ ಸಂಸಾರ ಎಲ್ಲಿ ಹೋಗಬೇಕು? ವಾಸದ ವಲಯದಲ್ಲಿ ಮನೆಮಗ್ಗಕ್ಕೆ ಎಷ್ಟು ವಿದ್ಯುತ್ತಿನ ತನಕ ಅವಕಾಶ ಅನ್ನುವುದು ಆ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ನೇಕಾರರ ಸಂಘಗಳು ಆ ಒಂದು ಪುಟ ಹುಡುಕಿ ಓದಲೇಬೇಕು.

ಆಮೇಲೆ ಭಾಷೆ. ಈ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಯಾರಿಗೆ ಉಪಯೋಗ? ಕನ್ನಡದಲ್ಲಿ ಬೇಕು ಅಂತ ಕೇಳುವುದು ನಿಮ್ಮ ಹಕ್ಕು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮನೆಯಲ್ಲಿ ಮರಾಠಿ ಆಡುವ ರೈತರೂ ಬಹಳ ಇದ್ದಾರೆ. ಗ್ರಾಮಸಭೆಯಲ್ಲಿ ಯಾರಾದರೂ ಅವರಿಗೂ ಓದಿ ಹೇಳಲಿ. ನಾಲಾ ಉಕ್ಕಿದಾಗ ಎಲ್ಲರ ಗದ್ದೆಯೂ ಮುಳುಗುತ್ತದೆ.

ಪಕ್ಕದ ಬಾಗಲಕೋಟೆಯ ಕಥೆ ಬೇರೆ. ಆಲಮಟ್ಟಿ ಹಿನ್ನೀರಿನಿಂದ ಹಳೇ ಊರು ಮುಳುಗುವುದು ಗೊತ್ತಿದ್ದರಿಂದ ನವನಗರವನ್ನು ಮೊದಲೇ ಸೆಕ್ಟರ್ ಸೆಕ್ಟರ್ ಆಗಿ ಬರೆದರು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ಯೋಜನೆ ಮಾಡಿದ್ದು. ಅಲ್ಲಿ ಜನ ಮನೆ ಮಠ ಕಳೆದುಕೊಂಡ ನೋವಿನ ಮೇಲೆ ಆ ನಕಾಶೆ ಬಂತು. ನಮಗೆ ಅಂಥ ನೋವು ಬರುವ ಮುಂಚೆಯೇ ಕೂತು ಯೋಚಿಸುವ ಅವಕಾಶ ಇದೆ.

ಒಂದು ಎಚ್ಚರಿಕೆ. ಯೋಜನೆ ಮಂಜೂರಾದ ಮೇಲೂ ಬಣ್ಣ ಬದಲಾಗಬಹುದು. ಕಾಯ್ದೆಯ 14ಎ ಕಲಂ ಅಡಿ ಒಬ್ಬೊಬ್ಬರ ಜಮೀನಿನ ಭೂ ಉಪಯೋಗ ಬದಲಾಯಿಸಲು ಅರ್ಜಿ ಹಾಕಬಹುದು, ಅದರ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದು ಹೋಗುತ್ತದೆ. ಊರಿನಲ್ಲಿ ಪೇಪರ್ ಓದುವ ಹುಡುಗರು ನಾಲ್ಕು ಜನ ಇದ್ದರೆ ಸಾಕು, ಅಂಥದ್ದು ಕಂಡಾಗ ಫೋಟೋ ತೆಗೆದು ವಾಟ್ಸ್ಆಪ್ ಗುಂಪಿಗೆ ಹಾಕಲಿ. ಉದ್ಯಾನಕ್ಕೆ, ರಸ್ತೆಗೆ ಅಂತ ಕಾದಿರಿಸಿದ ಖಾಸಗಿ ಜಮೀನಿನ ಮೇಲೂ ಕಣ್ಣಿರಲಿ. ಸ್ವಾಧೀನಕ್ಕೆ ಅಂತ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ತಗೊಳ್ಳದಿದ್ದರೆ ಆ ಗುರುತು ಬಿದ್ದು ಹೋಗುತ್ತದೆ. ಹಸಿರು ಬಳಿದಿದ್ದಾರೆ, ಪಾರ್ಕ್ ಬಂದೇ ಬರುತ್ತದೆ ಅಂತ ಸುಮ್ಮನೆ ಕೂರಬೇಡಿ.

ಆಕ್ಷೇಪಣೆ ಬರೆಯುವಾಗ ಉದ್ದ ಭಾಷಣ ಬೇಡ. ಊರಿನ ಹೆಸರು, ಸರ್ವೆ ನಂಬರ್, ಕರಡಿನಲ್ಲಿ ಏನು ತೋರಿಸಿದ್ದಾರೆ, ನಿಜದಲ್ಲಿ ಅಲ್ಲಿ ಏನಿದೆ, ಏನಾಗಬೇಕು. ಇಷ್ಟು. ನೀರು ನಿಂತ ಗದ್ದೆಯ ಫೋಟೋ ಇದ್ದರೆ ತಾರೀಖು ಬರೆದು ಲಗತ್ತಿಸಿ. ಹಳೇ ಗ್ರಾಮ ನಕಾಶೆಯ ಪ್ರತಿಯಲ್ಲಿ ಹಳ್ಳಕ್ಕೆ ಕೆಂಪು ಪೆನ್ನಿನಿಂದ ಗೆರೆ ಎಳೆದು ಜೊತೆಗಿಡಿ. ಒಂದೇ ವಿಷಯಕ್ಕೆ ನೂರು ಜನ ಸಹಿ ಮಾಡಿದ ಒಂದು ಕಾಗದ ಕೊಡುವುದಕ್ಕಿಂತ, ಒಬ್ಬೊಬ್ಬರೂ ತಮ್ಮ ಸರ್ವೆ ನಂಬರ್ ಹಾಕಿ ಬೇರೆ ಬೇರೆ ಕೊಡುವುದು ಒಳ್ಳೆಯದು, ಪ್ರತಿಯೊಂದಕ್ಕೂ ಅವರು ಉತ್ತರ ಯೋಚಿಸಬೇಕಾಗುತ್ತದೆ. ಎರಡು ಪ್ರತಿ ಮಾಡಿಸಿ. ಒಂದು ಕೊಟ್ಟು, ಇನ್ನೊಂದರ ಮೇಲೆ ಆವಕ ಸಿಕ್ಕಾ (ಕಾಗದ ತಲುಪಿದ್ದಕ್ಕೆ ಹಾಕುವ ಮುದ್ರೆ), ತಾರೀಖು, ನಂಬರ್ ಹಾಕಿಸಿಕೊಂಡೇ ಮೇಜಿನಿಂದ ಏಳಿ.

ನಮಸ್ಕಾರ.