ತೂಕದ ಹೊತ್ತಿನ ಸೊಂಟ

ಕೇಳುಗರಿಗೆ ನಮಸ್ಕಾರ.

ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದು ನೆಲಕ್ಕುದುರಿದ ಕಾಫಿ ಹೆಕ್ಕುವ ಕೆಲಸ ಶುರುವಾದರೆ, ಕೊಡಗಿನ ತೋಟಗಳಲ್ಲಿ ‘ಡಿಸ್ಕ್ ಜಾರಿದೆ’ ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಡಿಸ್ಕ್ ಎಂದರೆ ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ. ನಿಜಕ್ಕೂ ಅದು ಜಾರುವುದಿಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ನಾರುಗಳಿಂದ ಬಿಗಿಯಾಗಿ ಅಂಟಿಕೊಂಡಿದೆ, ಕೇರಂ ಬಿಲ್ಲೆಯ ಹಾಗೆ ಸರಿಯಲು ಎಡೆಯೇ ಇಲ್ಲ. ಆಗುವುದು ಬಿರುಕು. ಆ ಬಿರುಕಿನಿಂದ ಒಳಗಿನ ತಿರುಳು ಹೊರಗೆ ಬರುತ್ತದೆ.

ನಮ್ಮ ಬೆನ್ನಿನಲ್ಲಿ ಇಂಥ 23 ಡಿಸ್ಕುಗಳಿವೆ. ಪ್ರತಿಯೊಂದರ ನಡುವೆ ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಅದರ ನೂರರಲ್ಲಿ 80ಕ್ಕೂ ಹೆಚ್ಚು ಪಾಲು ನೀರೇ. ತಿರುಳಿನ ಸುತ್ತ 15ರಿಂದ 25 ಪದರ ನಾರು. ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ. ಒತ್ತಡ ತಡೆಯಲು ಇದು ಸೊಗಸಾದ ಹೆಣಿಗೆ. ಆದರೆ ಸೊಂಟ ತಿರುಚಿದಾಗ ಅರ್ಧ ಪದರಗಳು ಮಾತ್ರ ಬಿಗಿಯುತ್ತವೆ, ಉಳಿದರ್ಧ ಸಡಿಲ. ಬಗ್ಗಿ, ತಿರುಗಿ, ಭಾರ ಎತ್ತಿದರೆ ಎಲ್ಲ ಹೊರೆ ಆ ಅರ್ಧದ ಮೇಲೆಯೇ.

ಇನ್ನು ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿಗಳು. ಪುಸ್ತಕದಲ್ಲಿ ಅಸ್ಥಿರಜ್ಜು ಎನ್ನುತ್ತಾರೆ. ಬೆನ್ನುಮೂಳೆಯ ಮುಂಭಾಗದ ಪಟ್ಟಿ ಅಗಲ, ಗಟ್ಟಿ. ಡಿಸ್ಕಿನ ಹಿಂಬದಿಯ ಪಟ್ಟಿ ಕತ್ತಿನಲ್ಲಿ ಅಗಲವಾಗಿದ್ದು, ಸೊಂಟಕ್ಕೆ ಬರುವಾಗ ಕಿರಿದಾಗುತ್ತದೆ. ಅದಕ್ಕೇ ತಿರುಳು ಹಿಂದಕ್ಕೂ ಪಕ್ಕಕ್ಕೂ ನಡುವಿನ ಮೂಲೆಯಲ್ಲಿ ನುಗ್ಗುವುದು, ಕಾಲಿಗೆ ಇಳಿಯುವ ನರ ಇರುವುದೂ ಅಲ್ಲೇ. ಇದರಿಂದ ಕಾಲುನೋವು ಬರುತ್ತದೆಂದು ಬಾಸ್ಟನ್ನಿನ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ಸ್ಪಷ್ಟವಾಗಿ ತೋರಿಸಿದರು. ಮೂಳೆಗಳ ಹಿಂಬದಿಯ ಕಮಾನುಗಳ ನಡುವೆ ಹಳದಿ ಪಟ್ಟಿಯೊಂದಿದೆ. ಅದು ಹೆಚ್ಚುಕಡಿಮೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ವಯಸ್ಸಾದಂತೆ ದಪ್ಪವಾಗಿ ನರದ ದಾರಿಯನ್ನು ಇಕ್ಕಟ್ಟು ಮಾಡುವುದೂ ಉಂಟು.

ಈಗ ತೋಟದ ಒಂದು ದಿನಕ್ಕೆ ಬರೋಣ. ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ನಮ್ಮ ಎತ್ತರ ರಾತ್ರಿಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು! ಆ ಹೆಚ್ಚಳದಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದ ಮೊದಲ ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ. ಆ ಗಂಟೆಯಲ್ಲಿ ಡಿಸ್ಕು ತುಂಬಿ ಬಿಗಿದಿರುತ್ತದೆ, ಪಟ್ಟಿಗಳೂ ಸೆಟೆದಿರುತ್ತವೆ. ಆಗ ಬಗ್ಗಿದರೆ ನಾರುಪದರಕ್ಕೆ ಬೀಳುವ ಎಳೆತ ಬಹಳ ಜಾಸ್ತಿ. ಎದ್ದ ಕೂಡಲೇ ಅಂಗಳ ಗುಡಿಸುವುದು, ನೀರಿನ ಕೊಡ ಎತ್ತುವುದು, ಕಣದಲ್ಲಿ ಬಗ್ಗಿ ಕಾಫಿ ಬಾಚುವುದು ಬೇಡ. ಒಲೆ ಹಚ್ಚಿ, ಓಡಾಡಿ, ನಿಂತು ಮಾಡುವ ಕೆಲಸ ಮೊದಲು ಮುಗಿಸಿ.

ಹಗಲಿನ ತೊಂದರೆ ಇದಕ್ಕೆ ತದ್ವಿರುದ್ಧ. ಪೂರ್ತಿ ಬಗ್ಗಿ ಹೆಕ್ಕುವಾಗ ಬೆನ್ನಿನ ಸ್ನಾಯುಗಳು ಕೆಲಸ ಬಿಟ್ಟು, ಭಾರವನ್ನು ಪಟ್ಟಿಗಳ ಮೇಲೆ ಹಾಕುತ್ತವೆ. ಆಯಾಸ ಆಗದ್ದಕ್ಕೆ ನಮಗೆ ಹಾಯೆನಿಸುತ್ತದೆ. ಪಟ್ಟಿ ಮಾತ್ರ ನಿಧಾನವಾಗಿ ಎಳೆದುಕೊಳ್ಳುತ್ತಲೇ ಇರುತ್ತದೆ. 20 ನಿಮಿಷ ಬಗ್ಗಿದ್ದರೆ, ನೆಟ್ಟಗೆ ನಿಂತ ಎರಡು ನಿಮಿಷದಲ್ಲಿ ಅರ್ಧ ಬಿಗಿ ಮರಳುತ್ತದೆ. ಅರ್ಧ ಗಂಟೆ ಕಳೆದರೂ ಪೂರ್ತಿ ಮರಳಿರುವುದಿಲ್ಲ. ಸಂಜೆ ನಡೆಯುವುದೇನು? ತೋಟದ ಲೆಕ್ಕ ಬರೆಯುವ ರೈಟರ್ ತೂಕಕ್ಕೆ ಕರೆದ ತಕ್ಷಣ, ಬಗ್ಗಿದ್ದವರು ಬಗ್ಗಿದಲ್ಲಿಂದಲೇ ಮೂಟೆಗೆ ಕೈಹಾಕುತ್ತಾರೆ. ಸಡಿಲಗೊಂಡ ಪಟ್ಟಿ, ಪೂರ್ತಿ ಭಾರ. ನನ್ನ ಮಟ್ಟಿಗೆ ದಿನದಲ್ಲೆಲ್ಲ ಕೆಟ್ಟ ಗಳಿಗೆ ಇದೇ. ತೂಕದ ಕರೆ ಐದು ನಿಮಿಷ ಮುಂಚೆ ಕೊಟ್ಟರೆ ರೈಟರಿಗೇನೂ ನಷ್ಟವಿಲ್ಲ. ಅಷ್ಟರಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು ನಾಲ್ಕೈದು ಸಲ ಮೆಲ್ಲಗೆ ಹಿಂದಕ್ಕೆ ಬಾಗಬಹುದು. ಹೆಕ್ಕುವಾಗಲೂ ಖಾಲಿ ಚೀಲ ಮಡಚಿ ಅದರ ಮೇಲೆ ಮಂಡಿಯೂರಿ, 15 ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ.

ಭಾರದ ಲೆಕ್ಕ ಕೇಳಿ. ಬೆನ್ನಿನ ಸ್ನಾಯು ಡಿಸ್ಕಿನ ನಡುಭಾಗದಿಂದ ಸುಮಾರು ಐದು ಸೆಂಟಿಮೀಟರ್ ಹಿಂದಿದೆ. 20 ಕಿಲೋ ಚೀಲವನ್ನು 40 ಸೆಂಟಿಮೀಟರ್ ಮುಂದೆ ಹಿಡಿದರೆ, ಸ್ನಾಯು 160 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕು. 20 ಸೆಂಟಿಮೀಟರಿಗೆ ತಂದರೆ 80 ಸಾಕು. 1999ರಲ್ಲಿ ಜರ್ಮನಿಯಲ್ಲಿ ಒಬ್ಬರ ಡಿಸ್ಕಿನೊಳಗೇ ಒತ್ತಡ ಅಳೆದರು. ಜೀಪಿನ ಟೈರಿಗೆ ‘30 ಹಾಕಿ’ ಎನ್ನುತ್ತೇವಲ್ಲ, ಆ ಅಳತೆಯಲ್ಲಿ ಹೇಳುವುದಾದರೆ ನಿಂತಾಗ ಸುಮಾರು 70, ಬೆನ್ನು ಗೂನಾಗಿಸಿ 20 ಕಿಲೋ ಎತ್ತಿದಾಗ 330, ಮಂಡಿ ಮಡಚಿ ಎತ್ತಿದಾಗ 250. ಮಂಡಿ ಮಡಚಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ ನೋಡಿ. 50 ಕಿಲೋ ಮೂಟೆ ಎತ್ತಲು ಇಬ್ಬರು ಬೇಕೇ ಬೇಕು. ಪಿಕಪ್ಪಿಗೆ ಏರಿಸುವಾಗ ಸೊಂಟ ತಿರುಗಿಸದೆ ಪಾದವನ್ನೇ ತಿರುಗಿಸಿ.

ನೋವು ಬಂದೇಬಿಟ್ಟರೆ ವಾರಗಟ್ಟಲೆ ಮಲಗಬೇಡಿ. ಕಾಲಿಗೆ ಇಳಿಯುವ ನೋವೂ ಹೆಚ್ಚಿನವರಲ್ಲಿ 6ರಿಂದ 12 ವಾರದಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ತಗ್ಗುತ್ತದೆ. ಹೊರಬಂದ ತಿರುಳನ್ನು ದೇಹವೇ ಕರಗಿಸಿಕೊಳ್ಳುವುದುಂಟು. ಕಾಲಿನ ಹೆಬ್ಬೆರಳು ಮೇಲೆತ್ತಲಾಗದಿದ್ದರೆ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ತೊಡೆಸಂದಿ, ಗುದದ್ವಾರದ ಸುತ್ತ ಜೋಮು ಹಿಡಿದು ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆಯೇ ಹೋದರೆ ಎಣ್ಣೆ ತಿಕ್ಕುತ್ತ ಕೂರಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ಅದೇ ರಾತ್ರಿ 108ಕ್ಕೆ ಕರೆಮಾಡಿ.